ಬಸಕ್ಕನ ಹೂಂ

ನನ್ನ ಕೋಪ ಕಾಡುಗೋಡಿಗೆಲ್ಲ ಗೊತ್ತು. ಹುಡುಗಿಯರ ಪೀಜಿ ನಡೆಸುವವಳಿಗೆ ಮೂಗಿನ ತುದಿಯಲ್ಲಿ ಕೋಪ ಇರದಿದ್ದರೆ ಬಚ್ಚಲಿನ ದೀಪ ಹಗಲೂ ಉರಿಯುತ್ತಿರುತ್ತದೆ. ಆದರೆ ನಮ್ಮ ಅಡುಗೆಯ ಬಸಕ್ಕನ ಮೇಲೆ ಮಾತ್ರ ಅದು ನಿಲ್ಲುವುದಿಲ್ಲ. ಬೈಯಲು ಶುರುಮಾಡಿದರೆ "ಹೂಂರೀ ಅಮ್ಮಾರ, ಹೂಂ" ಎನ್ನುತ್ತಲೇ ಇರುತ್ತಾಳೆ. ಅಷ್ಟು ಚೆನ್ನಾಗಿ ಕೇಳಿಸಿಕೊಳ್ಳುವವರನ್ನು ಎಷ್ಟು ಹೊತ್ತು ಬೈಯಲು ಸಾಧ್ಯ, ನೀವೇ ಹೇಳಿ.

ಅವಳದು ಕೊಪ್ಪಳದ ಕಡೆ, ತುಂಗಭದ್ರೆಯ ದಂಡೆಯ ಊರು. ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದಿದ್ದಳು. ಅವನು ತೀರಿಹೋದ ಮೇಲೆ ನಮ್ಮ ಅಡುಗೆಮನೆಗೆ ಸೇರಿದಳು. ಅವರ ಊರಿನಲ್ಲಿ ಕಥೆ ಹೇಳುವವರ ಎದುರು ಒಬ್ಬರು ಕೂತು ಹೂಂ ಅನ್ನಲೇಬೇಕಂತೆ. ಹೂಂ ನಿಂತರೆ ಕಥೆಯೂ ನಿಂತಂತೆ. ಚಿಕ್ಕಂದಿನಿಂದ ಹೂಂ ಅನ್ನುವ ಕೆಲಸ ಇವಳದೇ. "ನೀನು ಯಾವತ್ತೂ ಕಥೆ ಹೇಳಿಲ್ವೇನೇ?" ಎಂದು ಒಮ್ಮೆ ಕೇಳಿದ್ದೆ. "ನನ್ ಕಥಿಗೆ ಹೂಂ ಅನ್ನಾವ್ರು ಯಾರ್ ಅದಾರ್ರೀ ಅಮ್ಮಾರ?" ಎಂದು ನಕ್ಕಿದ್ದಳು.

ಅಂಥವಳ ಕೈಗೆ ಮೇಘಾ ಸಿಕ್ಕಿದಳು. ಮೇಘಾ ದಾವಣಗೆರೆಯ ಹುಡುಗಿ, ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಕೆಲಸ. ಐರ್ಲೆಂಡಿನ ವಿಶ್ವವಿದ್ಯಾಲಯದಲ್ಲಿ ಓದಬೇಕೆಂಬ ಹುಚ್ಚು. ಅದಕ್ಕೆ ಇಂಗ್ಲಿಷ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬರಬೇಕು. ಓದು, ಬರಹ ಎಲ್ಲ ಸಲೀಸು. ಕೊಟ್ಟ ವಿಷಯದ ಮೇಲೆ ಎರಡು ನಿಮಿಷ ಒಬ್ಬಳೇ ಮಾತಾಡು ಎಂದರೆ ಮಾತ್ರ ನಾಲಿಗೆ ಒಣಗುತ್ತಿತ್ತು. ಜೊತೆಯ ಹುಡುಗಿಯರ ಎದುರು ನಾಚಿಕೆ. ಬಸಕ್ಕನ ಎದುರು ಎಂಥ ನಾಚಿಕೆ?

ಸಂಜೆ ಕೆಲಸದಿಂದ ಬಂದವಳು ಅಡುಗೆಕಟ್ಟೆಯ ಮೇಲೆ ಹತ್ತಿ ಕೂತು ಇಂಗ್ಲಿಷಿನಲ್ಲಿ ಮಾತು ಶುರುಮಾಡುತ್ತಿದ್ದಳು. ಬಸಕ್ಕ ಜೋಳದ ರೊಟ್ಟಿ ತಟ್ಟುತ್ತಾ, ಕಣ್ಣು ಅರ್ಧ ಮುಚ್ಚಿ, "ಹೂಂ" ಎನ್ನುತ್ತಿದ್ದಳು. ಒಲೆಯ ಹಬೆಯಲ್ಲಿ ಇಬ್ಬರೂ ಎಲ್ಲೋ ತೇಲಿಹೋದಂತೆ ಕಾಣುತ್ತಿತ್ತು. ಮೇಘಾಳ ಮಾತು ನೀರಿನ ಹಾಗೆ ಹರಿಯತೊಡಗಿತು. ನನಗೂ ಬಾಗಿಲಲ್ಲಿ ನಿಂತು ಕೇಳುವ ಚಟ ಹತ್ತಿತು. ಬಸಕ್ಕನಂತೆಯೇ ಒಂದು ಪದವೂ ತಿಳಿಯದಿದ್ದರೂ ಜೋಗುಳ ಕೇಳಿದ ಹಾಗೆ ಮೈ ಹಗುರಾಗುತ್ತಿತ್ತು.

ಪರೀಕ್ಷೆಯ ದಿನ ಹುಡುಗಿ ಕುಣಿಯುತ್ತಾ ಹೋದಳು, ಮುಖ ಸಣ್ಣ ಮಾಡಿಕೊಂಡು ಬಂದಳು.

"ಆ ಮೇಡಂ ಹೂಂ ಅನ್ಲೇ ಇಲ್ಲ ಆಂಟಿ. ಸುಮ್ನೆ ನನ್ನನ್ನೇ ನೋಡ್ತಾ ಕೂತಿದ್ರು. ನಾನೂ ಹೂಂಗೆ ಕಾಯ್ತಾ ಸುಮ್ನಾಗ್ಬಿಟ್ಟೆ."

ಅಯ್ಯೋ ಶಿವನೇ! ಪರೀಕ್ಷಕರು ಆ ಎರಡು ನಿಮಿಷ ಬಾಯಿ ಬಿಡುವಂತಿಲ್ಲವಂತೆ, ಅದು ಅವರ ನಿಯಮ. ಬಸಕ್ಕ ತಾನೇ ತಪ್ಪು ಮಾಡಿದವಳಂತೆ ಹಿಟ್ಟಿನ ಕೈಯಲ್ಲೇ ಹಣೆ ಚಚ್ಚಿಕೊಂಡಳು. ಸೀಟಿನ ಗಡುವು ಮುಗಿಯುವುದರೊಳಗೆ ಇನ್ನೊಂದೇ ಸಲ ಬರೆಯಬಹುದಿತ್ತು. ಅದೂ ಕೈತಪ್ಪಿದರೆ ಐರ್ಲೆಂಡಿನ ಆಸೆ ಬಿಡಬೇಕು.

ಮರುದಿನದಿಂದ ಬಸಕ್ಕ ಬಾಯಲ್ಲಿ ಎಲೆಅಡಿಕೆ ತುಂಬಿಕೊಂಡು ನಿಂತಳು. ಮೇಘಾ ಮಾತಾಡುವಳು, ಇವಳು ತುಟಿ ಬಿಗಿಹಿಡಿಯುವಳು. ಕಥೆ ಕೇಳಿಯೂ ಸುಮ್ಮನಿರುವುದು ಅವಳ ಪಾಲಿಗೆ ಮನೆಗೆ ಬಂದವರಿಗೆ ನೀರು ಕೊಡದೆ ಕಳಿಸಿದಂತೆ. ನೋಡುವುದಕ್ಕೇ ಸಂಕಟವಾಗುತ್ತಿತ್ತು. ಮೇಘಾ ತಡವರಿಸಿ ನಿಂತಾಗ ಬಸಕ್ಕನ ಕುತ್ತಿಗೆಯ ನರ ಉಬ್ಬುತ್ತಿತ್ತು. ಕೊನೆಗೊಂದು ಸಂಜೆ ಎಲೆಅಡಿಕೆ ಉಗಿದು ಬಂದು ಹೇಳಿದಳು:

"ನಾ ಬಾಯಾಗ ಅನ್ನಂಗಿಲ್ಲವ್ವಾ, ಮನಸಿನ್ಯಾಗ ಅಂತೀನಿ. ನೀ ಎಲ್ಲಿದ್ರೂ ಅಂತಿರ್ತೀನಿ. ನೀ ಮಾತ್ರ ನಿಲ್ಲಬ್ಯಾಡ."

ಎರಡನೆಯ ಸಲ ಮೇಘಾ ನಿಲ್ಲಲಿಲ್ಲ. ಆ ಮೇಡಂ ಅವರೇ ಸಾಕು ಎಂದು ನಿಲ್ಲಿಸಬೇಕಾಯಿತಂತೆ. ಅಂಕ ಬಂತು, ಸೀಟೂ ಬಂತು. ಪೀಜಿಗೆಲ್ಲ ನಾನೇ ಮೈಸೂರ್‌ಪಾಕ್ ಹಂಚಿದೆ.

ಹೊರಡುವ ದಿನ ಸಂಜೆ ಮೇಘಾ ಅದೇ ಕಟ್ಟೆಯ ಮೇಲೆ ಕೂತು ಕೇಳಿದಳು: "ಬಸಕ್ಕ, ಇಷ್ಟು ದಿನ ನಾನು ಏನ್ ಹೇಳ್ತಿದ್ದೀನಿ ಅಂತ ನೀನು ಅಂದ್ಕೊಂಡಿದ್ದೆ?"

ಬಸಕ್ಕನ ಕೈ ಹಿಟ್ಟಿನಲ್ಲೇ ನಿಂತಿತು. ಮೊದಲು ನಾಚಿದಳು. ಆಮೇಲೆ ಕಣ್ಣು ಅರ್ಧ ಮುಚ್ಚಿ, ನಾನು ಯಾವತ್ತೂ ಕೇಳಿರದ ದನಿಯಲ್ಲಿ ಶುರುಮಾಡಿದಳು:

"ಒಂದ್ ಹುಡುಗಿ ಹೊಳಿ ದಾಟಾಕ ಹರಗೋಲು ಹತ್ಯಾಳ. ಆ ದಂಡಿ ಕಾಣವಲ್ದು, ಬರೇ ಮಂಜು. ಹುಟ್ಟು ಹಾಕಾವ್ರೂ ಇಲ್ಲ. ಈ ದಂಡ್ಯಾಗ ಒಬ್ಬಾಕಿ ನಿಂತು ಹೂಂ ಅಂತಾಳ. ಅಕಿ ಹೂಂ ಅಂದಂಗೆಲ್ಲ ಹರಗೋಲು ಮುಂದ ಹೊಕ್ಕೈತಿ. ಹುಡುಗಿ ದೂರ ಆಕ್ಕಾಳ..."

ಅಲ್ಲಿಗೆ ನಿಲ್ಲಿಸಿ ಮೇಘಾಳ ಮುಖ ನೋಡಿದಳು. ಮೇಘಾ ಬಾಯಿ ತೆರೆದಳು, ದನಿ ಹೊರಡಲಿಲ್ಲ. ಕಣ್ಣೀರು ಇಳಿಯುತ್ತಿತ್ತು. ಹೆಂಚಿನ ಮೇಲೆ ರೊಟ್ಟಿ ಕರಟುತ್ತಿತ್ತು, ನಾನು ಬೈಯಲೆಂದೇ ಒಳಗೆ ಬಂದಿದ್ದೆ. ಬಸಕ್ಕ ಇನ್ನೂ ಕಾಯುತ್ತಿದ್ದಳು.

"ಹೂಂ," ಎಂದೆ ನಾನು. "ಈ ದಂಡೆಯವಳು? ಆಮೇಲೆ ಅವಳೇನ್ ಮಾಡಿದ್ಲು, ಹೇಳೇ."