ಸೀಟಿನ ಬೆನ್ನಿಗೆ ಹೊಲಿದ ಅಪ್ಪಣೆ

ಅವನು ಹೊಲಿಗೆಯಮ್ಮನ ಅಂಗಡಿಗೆ ಮೊದಲ ಸಲ ಬಂದದ್ದು ಟ್ಯಾಕ್ಸಿಯ ಸೀಟಿನ ಕವರನ್ನು ಹೆಗಲ ಮೇಲೆ ಹಾಕಿಕೊಂಡು. ಬಾಗಿಲು ತುಂಬುವಷ್ಟು ಮೈ, ಮುಖ ತುಂಬುವಷ್ಟು ಮೀಸೆ. ಗಾಡಿಯನ್ನು ಎದುರಿಗೇ ನಿಲ್ಲಿಸಿದ್ದ. ಅದರೊಳಗೆ ಯಾರೂ ಇರಲಿಲ್ಲ, ಹಾಡು ಮಾತ್ರ ತನ್ನ ಪಾಡಿಗೆ ತಾನು ನಡೆಯುತ್ತಿತ್ತು.

"ಹಾಡು ಬಿಟ್ಟು ಬಂದಿದ್ದೀಯಲ್ಲಪ್ಪಾ, ಬ್ಯಾಟರಿ ಇಳಿಯಲ್ವಾ?" ಎಂದಳು ಹೊಲಿಗೆಯಮ್ಮ.

"ಅರ್ಧಕ್ಕೆ ನಿಲ್ಲಿಸಬಾರದಮ್ಮಾ. ಹಾಡಿದವರು ಬೇಜಾರು ಮಾಡ್ಕೋತಾರೆ."

ತಮಾಷೆಯೋ ನಿಜವೋ ನೋಡೋಣವೆಂದು ಅವಳು ಕನ್ನಡಕದ ಮೇಲಿನಿಂದ ಅವನ ಮುಖ ನೋಡಿದಳು. ನಿಜವೇ. ಹಾಡು ಮುಗಿದ ಮೇಲೆ ಹೋಗಿ ನಿಲ್ಲಿಸಿ ಬಂದ. ಆಮೇಲೆಯೇ ಕವರಿನ ಹರಿದ ಜಾಗ ತೋರಿಸಿದ್ದು.

ಅಂಗಡಿ ಎಂದರೆ ಒಂದೇ ಕೋಣೆ. ಬಾಗಿಲ ಬೆಳಕಿಗೆ ಕಾಲಿನ ಮಿಷನ್ನು, ಪಕ್ಕದಲ್ಲಿ ಗುಂಡಿಗಳ ಡಬ್ಬಿ, ಗೋಡೆಯ ಮೊಳೆಗೆ ಕತ್ತರಿ, ಮೇಲಿನ ಹಲಗೆಯಲ್ಲಿ ರೇಡಿಯೋ. ಮಿಷನ್ನು ತೀರಿಹೋದ ಗಂಡನದ್ದು. ಆತ ಆಸ್ಪತ್ರೆಯ ದರ್ಜಿಯಾಗಿದ್ದಾಗ, ಹಾಸಿಗೆಯ ಬಟ್ಟೆಗಳ ಮೂಲೆಯಲ್ಲಿ ವಾರ್ಡಿನ ಹೆಸರು ಹೊಲಿಯುವ ಕೆಲಸ ಅವಳದಾಗಿತ್ತು. ಶಾಲೆಯ ಮೆಟ್ಟಿಲು ಹತ್ತದ ಅವಳು ಅಕ್ಷರ ಕಲಿತದ್ದು ಹೀಗೆ, ದಾರದಲ್ಲಿ. ಇವತ್ತಿಗೂ ಪೆನ್ನು ಹಿಡಿದರೆ ಅವಳ ಅಕ್ಷರಗಳು ಇರುವೆಗಳ ಹಾಗೆ ದಿಕ್ಕಾಪಾಲು. ಸೂಜಿ ಹಿಡಿದರೆ ಒಂದೊಂದೂ ಹೇಳಿದ ಜಾಗದಲ್ಲಿ ತೆಪ್ಪಗೆ ಕೂರುತ್ತದೆ.

ಅಂಗಡಿಯ ಪಕ್ಕಕ್ಕೇ ಟ್ಯಾಕ್ಸಿ ಸ್ಟ್ಯಾಂಡು. ಅಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು 'ಪಲ್ಲವಿ' ಎಂದು. ಅಷ್ಟು ದೊಡ್ಡ ಮೀಸೆಯ ಗಂಡಸಿಗೆ ಆ ಹೆಸರು ಬರಲು ಕಾರಣ, ಯಾವ ಹಾಡಾದರೂ ಅವನಿಗೆ ಬರುತ್ತಿದ್ದದ್ದು ಪಲ್ಲವಿ ಮಾತ್ರ. ಚರಣ ಬರುತ್ತಿದ್ದ ಹಾಗೆ ಬಾಯಿ ಮುಚ್ಚಿ, ಗುನುಗಿ, ಮತ್ತೆ ಪಲ್ಲವಿಗೆ ಬಂದು ಸೇರುತ್ತಿದ್ದ. "ಮದುವೆಯಾಗಿ ಇಷ್ಟು ವರ್ಷ ಆಯ್ತು, ಇವರ ಬಾಯಲ್ಲಿ ಒಂದು ಚರಣ ಕೇಳಿದ ಪುಣ್ಯ ನನಗಿಲ್ಲ" ಎನ್ನುತ್ತಿದ್ದಳು ಬೇಕರಿಯಲ್ಲಿ ಬೆಳಗಿನ ಪಾಳಿ ಮಾಡುವ ಅವನ ಹೆಂಡತಿ.

ಅವನು ದಾರಿಯನ್ನು ಅಳೆಯುತ್ತಿದ್ದದ್ದೂ ಹಾಡಿನಲ್ಲೇ. ಆಸ್ಪತ್ರೆಗೆ ಎಷ್ಟು ಹೊತ್ತಾಗುತ್ತೆ ಎಂದು ಯಾರಾದರೂ ಕೇಳಿದರೆ "ಮೂರು ಹಾಡು" ಎನ್ನುವನು. ಮಳೆ ಬಂದರೆ ಐದು. ಸ್ಟ್ಯಾಂಡಿನವರು ನಗುತ್ತಿದ್ದರು. ಹೊಲಿಗೆಯಮ್ಮನಿಗೆ ಮಾತ್ರ ನಗು ಬರಲಿಲ್ಲ. ಅವಳ ಲೆಕ್ಕವೂ ಅದೇ ಆಗಿತ್ತಲ್ಲ! ಒಂದು ಲಂಗದ ಅಂಚು ಮಡಿಸುವುದಕ್ಕೆ ಒಂದು ಹಾಡು, ಪರದೆಯಾದರೆ ಎರಡು. ಹೀಗೆ ಇಬ್ಬರಿಗೂ ಮಾತು ಕೂಡಿತು. ಬಾಡಿಗೆ ಇಲ್ಲದ ಹೊತ್ತಿನಲ್ಲಿ ಅವನು ಅಂಗಡಿಯ ಸ್ಟೂಲಿನ ಮೇಲೆ ಕೂತು ಸೂಜಿಗೆ ದಾರ ಪೋಣಿಸಿ ಕೊಡುವನು. ಅವಳ ಕಣ್ಣು ಆಗಲೇ ಮಂಜಾಗಲು ಶುರುವಾಗಿತ್ತು.

ಹೀಗಿರುವಾಗ ಆ ಬೀದಿಗೆ ಹಾಡಿನ ಕಾನೂನು ಬಂತು.

ತಂದವನು ಹೆಗಲಿಗೆ ಚೀಲ ಹಾಕಿಕೊಂಡ, ತೆಳ್ಳಗಿನ, ಮರ್ಯಾದಸ್ಥ ಯುವಕ. ಹಾಡು ಕಟ್ಟಿದವರು, ಹಾಡಿದವರು, ನುಡಿಸಿದವರ ಪರವಾಗಿ ಪರವಾನಗಿ ಕೊಡುವ ಕಚೇರಿಯವನು. ಸ್ಟ್ಯಾಂಡಿನವರನ್ನೂ ಅಂಗಡಿಯವರನ್ನೂ ಒಟ್ಟಿಗೆ ನಿಲ್ಲಿಸಿ ಬಿಡಿಸಿ ಹೇಳಿದ. ಮನೆಯಲ್ಲಿ ಎಷ್ಟು ಬೇಕಾದರೂ ಹಾಡು ಕೇಳಬಹುದು. ಗಾಡಿಯಲ್ಲಿ ಒಬ್ಬರೇ ಇದ್ದಾಗಲೂ ಸರಿ. ಆದರೆ ಬಾಡಿಗೆಯವರು ಹತ್ತಿದರೆ, ಅಂಗಡಿಗೆ ಗಿರಾಕಿ ಬಂದರೆ, ಆ ಹಾಡು ವ್ಯಾಪಾರದಲ್ಲಿ ಪಾಲುದಾರ. ಅದಕ್ಕೆ ಲೈಸೆನ್ಸು ಬೇಕು.

"ಹಾಡಿಗೂ ಮೀಟರ್ ಹಾಕ್ಬಿಟ್ರಲ್ಲಪ್ಪಾ!" ಎಂದ ಕ್ಷೌರದಂಗಡಿಯವನು.

ಉಳಿದವರೂ ಗೊಣಗಿದರು. ಹೊಲಿಗೆಯಮ್ಮ ಗೊಣಗಲಿಲ್ಲ. ತಾನು ಹೊಲಿದ ರವಿಕೆಯನ್ನು ಯಾರಾದರೂ ಪುಕ್ಕಟೆ ತೊಟ್ಟುಕೊಂಡು ಹೋದರೆ ತಾನು ಸುಮ್ಮನಿರುತ್ತಿದ್ದೆನೇ? ಹಾಡು ಕಟ್ಟಿದವರಿಗೂ ಹೊಟ್ಟೆ ಇರುತ್ತದೆ. ಅವಳು ಕೇಳಿದ್ದು ಒಂದೇ ಮಾತು: "ಲೈಸೆನ್ಸು ಗಾಡಿಗೋ, ಗಾಡಿ ಓಡಿಸೋರಿಗೋ?"

"ಗಾಡಿಗಮ್ಮಾ. ಗಾಡಿ ಮಾರಿದ್ರೆ ಅದರ ಜೊತೆಗೇ ಹೋಗುತ್ತೆ." ಯುವಕ ಇನ್ನೂ ಒಂದು ಮಾತು ಸೇರಿಸಿದ. ಟ್ಯಾಕ್ಸಿಗಳಿಗೆ ಒಂಟಿಯಾಗಿ ಕೊಡುವ ಪದ್ಧತಿ ಇಲ್ಲ, ಸ್ಟ್ಯಾಂಡಿನ ಸಂಘವೇ ಎಲ್ಲ ಗಾಡಿಗೂ ಸೇರಿಸಿ ತೆಗೆದುಕೊಳ್ಳಬೇಕು.

ಮರುದಿನದಿಂದ ಬೀದಿಯೇ ಬದಲಾಯಿತು. ಹೊಲಿಗೆಯಮ್ಮ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವಳು. ಗಿರಾಕಿಯ ಕಾಲು ಹೊಸ್ತಿಲಿಗೆ ಬಿದ್ದರೆ ಎದ್ದು ರೇಡಿಯೋ ಆರಿಸುವಳು, ಹೋದ ಮೇಲೆ ಮತ್ತೆ ಹಾಕುವಳು. ಮೂಲೆಮನೆಯ ಸೊಸೆ ಬಂದವಳು, "ಯಾಕಮ್ಮಾ, ನನ್ನ ಮೇಲೆ ಸಿಟ್ಟಾ? ನನ್ನ ಕಂಡ ತಕ್ಷಣ ಆಫ್ ಮಾಡಿದ್ರಿ?" ಎಂದು ಮುಖ ಸಣ್ಣ ಮಾಡಿಕೊಂಡಳು. ಕ್ಷೌರದಂಗಡಿಯವನು ಇನ್ನೂ ಜಾಣ. ಕಿವಿಗೆ ವೈರು ಸಿಕ್ಕಿಸಿಕೊಂಡು ತಾನೊಬ್ಬನೇ ಕೇಳತೊಡಗಿದ. ಗಿರಾಕಿ "ಮೀಸೆ ಮುಟ್ಟಬೇಡ, ಮೀಸೆ ಮುಟ್ಟಬೇಡ" ಎಂದು ಬಡಕೊಂಡದ್ದು ಅವನಿಗೆ ಕೇಳಿಸಲೇ ಇಲ್ಲ. ಮೀಸೆ ಹೋಯಿತು, ವೈರೂ ಹೋಯಿತು.

ಸಂಘದವರು ಸಭೆ ಸೇರಿ ಲೈಸೆನ್ಸು ಬೇಡವೆಂದರು. ಈಗಿನ ಬಾಡಿಗೆಯವರ ಕಿವಿಯಲ್ಲಿ ಅವರದೇ ಹಾಡಿರುತ್ತದೆ, ನಮ್ಮದು ಯಾರಿಗೆ ಬೇಕು? ಬೇಕು ಎಂದು ಕೈಯೆತ್ತಿದವನು ಪಲ್ಲವಿ ಒಬ್ಬನೇ. "ಆ ಪಲ್ಲವಿಗಾದ್ರೂ ಚರಣ ಕಲಿಸ್ರಪ್ಪಾ ಮೊದಲು" ಎಂದು ಎಲ್ಲರೂ ನಕ್ಕು ಎದ್ದರು.

ಅಂದು ಅವನು ಸ್ಟೂಲಿನ ಮೇಲೆ ಬಂದು ಕೂತ. ಸೂಜಿ ತೆಗೆದುಕೊಂಡ. ದಾರ ಕಣ್ಣಿಗೆ ಹೋಗಲಿಲ್ಲ. ಬೆರಳು ನಡುಗುತ್ತಿತ್ತು.

"ಏನಾಯ್ತಪ್ಪಾ?"

ಅವನು ಹೇಳಿದ. ಮೀಸೆ ಕಪ್ಪಗಿದ್ದ ಕಾಲದ ಮಾತು. ಒಬ್ಬರು ಬಾಡಿಗೆಯವರು ತಲೆನೋವೆಂದು ಹಾಡು ನಿಲ್ಲಿಸಲು ಹೇಳಿದ್ದರು. ನಿಲ್ಲಿಸಿದ. ಮುಂದಿನ ತಿರುವಿನಲ್ಲಿ ಲಾರಿಯೊಂದು ಪಕ್ಕದಿಂದ ಬಂದು ಗುದ್ದಿತು. ತಪ್ಪು ಲಾರಿಯದು. ಯಾರಿಗೂ ದೊಡ್ಡ ಪೆಟ್ಟಾಗಲಿಲ್ಲ. ಆದರೆ ಅಂದಿನಿಂದ ಗಾಡಿಯಲ್ಲಿ ಸದ್ದಡಗಿದರೆ ಸಾಕು, ಅವನ ಕಿವಿಯಲ್ಲಿ ಆ ಲಾರಿಯ ಬ್ರೇಕು ಕಿರುಚುತ್ತಿತ್ತು. ಹಾಡಿದ್ದರೆ ಕೈ ನೆಟ್ಟಗೆ. ಇಲ್ಲದಿದ್ದರೆ ಸ್ಟೇರಿಂಗೇ ಯಾರದೋ ಕೈಯಲ್ಲಿದ್ದಂತೆ.

"ನನ್ನ ಹೆಂಡತಿಗೂ ಹೇಳಿಲ್ಲಮ್ಮಾ. ಬಾಡಿಗೆಯವರನ್ನ ಕೂರಿಸ್ಕೊಂಡು ಹೀಗೆ ಓಡಿಸೋದು ಪಾಪ."

"ಬಾಯಲ್ಲೇ ಹಾಡ್ಕೋ. ಅದಕ್ಕೇನು?"

ಅವನೂ ಹಾಗೇ ಅಂದುಕೊಂಡು ಚೀಲದ ಯುವಕನನ್ನು ಕೇಳಿ ಬಂದಿದ್ದ. ಯುವಕ ತಲೆ ಕೆರೆದುಕೊಂಡು, ಕಚೇರಿಯಲ್ಲಿ ವಿಚಾರಿಸಿ ಹೇಳಿದ್ದ: ಬಾಡಿಗೆಯವರ ಮುಂದೆ ಬಾಯಲ್ಲಿ ಹಾಡಿದರೂ ಬೇರೆಯವರ ಹಾಡು ಬೇರೆಯವರದ್ದೇ, ಬೇಕಾದರೆ ನಿಮ್ಮದೇ ಒಂದು ಕಟ್ಟಿಕೊಳ್ಳಿ. ಪಲ್ಲವಿ ತನ್ನದೇ ಒಂದು ಹಾಡು ಕಟ್ಟಿಯೂ ಕಟ್ಟಿದ. "ಮುಂದೆ ಸಿಗ್ನಲ್ಲು, ಹಿಂದೆ ಬಸ್ಸು" ಎಂಬಲ್ಲಿಗೆ ಅದು ನಿಂತಿತು. ಹಿಂದಿನ ಸೀಟಿನ ಮುದುಕಿ ಬೆದರಿ ದಾರಿಯಲ್ಲೇ ಇಳಿದುಕೊಂಡಳು.

ಅದಾದ ಮೇಲೆ ಕೆಲವು ದಿನ ಅವನ ಮುಖವೇ ಕಾಣಲಿಲ್ಲ. ಕಂಡಾಗ ಅವನ ಹೆಗಲ ಮೇಲಿದ್ದದ್ದು ಖಾಕಿ ಪ್ಯಾಂಟು. ಗೋದಾಮಿನಲ್ಲಿ ಗೇಟು ಕಾಯುವ ಕೆಲಸ ಒಪ್ಪಿಕೊಂಡಿದ್ದ. ಪ್ಯಾಂಟು ಉದ್ದವಾಗಿತ್ತು, ಕತ್ತರಿಸಿ ಮಡಿಸಿ ಹೊಲಿಯಬೇಕಿತ್ತು.

"ಗಾಡಿ?"

"ಮಾರ್ತೀನಮ್ಮಾ. ಗೇಟು ಎಲ್ಲಿಗೂ ಓಡಲ್ವಲ್ಲ, ಕೈ ನಡುಗಿದ್ರೂ ನಡೆಯುತ್ತೆ."

ನಗಿಸಲು ಹೇಳಿದ್ದ. ಇಬ್ಬರೂ ನಗಲಿಲ್ಲ. ಅವಳು ಪ್ಯಾಂಟನ್ನು ಮಿಷನ್ನಿಗೆ ಕೊಟ್ಟಳು. ಎದುರಿಗೆ ಅವನಿದ್ದದ್ದರಿಂದ ರೇಡಿಯೋ ಆರಿಸಿದ್ದಳು. ಗಿರಾಕಿ ಎಂದರೆ ಗಿರಾಕಿ. ಕಾಲು ತುಳಿಯತೊಡಗಿತು. ತುಳಿತಕ್ಕೆ ತಕ್ಕಂತೆ, ಅವಳಿಗೇ ಗೊತ್ತಿಲ್ಲದೆ, ಬಾಯಿ ಗುನುಗತೊಡಗಿತು.

ಸೂಜಿಯ ಕಣ್ಣಿಗೆ ದಾರವು ಹೊರಟಿತು
ಹೋಗಮ್ಮ ಹೋಗು, ನಿಧಾನ
ಹರಿದದ್ದು ಕೂಡಲಿ, ಕೂಡಿದ್ದು ಬಾಳಲಿ
ಅವಸರ ಯಾತಕೆ, ನಿಧಾನ

"ಇದು ಯಾವ ಸಿನಿಮಾದ್ದಮ್ಮಾ?"

"ಯಾವ ಸಿನಿಮಾನೂ ಇಲ್ಲ. ನನ್ನ ಮಿಷನ್ನಿಂದು."

"ಯಾರು ಕಟ್ಟಿದ್ದು?"

ಅವಳಿಗೆ ಸಂಕೋಚವಾಯಿತು. ಗಂಡ ಹೋದ ಮೊದಲ ವರ್ಷ, ಮಿಷನ್ನಿನ ಮುಂದೆ ಒಬ್ಬಳೇ ಕೂತರೆ ಕಾಲು ಏಳುತ್ತಿರಲಿಲ್ಲ. ಕಾಲನ್ನು ಪುಸಲಾಯಿಸಲು ಬಾಯಿಗೆ ಬಂದದ್ದನ್ನು ಹೇಳಿಕೊಂಡಿದ್ದಳು. ಬಟ್ಟೆ ಉದ್ದವಾದರೆ ಹಾಡು ಉದ್ದ, ಗಿಡ್ಡವಾದರೆ ಗಿಡ್ಡ. ಅಂಗಿಗೊಂದು ಸಾಲು, ದಿಂಬಿಗೊಂದು ಸಾಲು. ಅದನ್ನು ಹಾಡು ಎಂದು ಕರೆಯಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ.

"ನಾನೇ" ಎಂದಳು ಕೊನೆಗೆ.

ಪಲ್ಲವಿ ಸ್ಟೂಲಿನಿಂದ ಎದ್ದು ನಿಂತ. "ಅಮ್ಮಾ, ಅದನ್ನ ನಾನು ಗಾಡೀಲಿ ಹಾಡ್ಲಾ?"

"ಹಾಡು. ಯಾರು ಬೇಡ ಅಂದ್ರು?"

"ಹಾಗಲ್ಲ. ಆ ಸಾಹೇಬ್ರು ಕೇಳ್ತಾರೆ. ನಿಮ್ಮ ಅಪ್ಪಣೆ ಕೈಯಲ್ಲಿರಬೇಕು."

"ನನಗೆ ಪೆನ್ನು ಹಿಡಿಯೋಕೆ ಬರಲ್ಲ ಕಣಪ್ಪಾ" ಎಂದಳು. ಆಮೇಲೆ ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದಳು. "ಆ ಸೀಟಿನ ಕವರು ತಗೊಂಡು ಬಾ."

ಡ್ರೈವರ್ ಸೀಟಿನ ಬೆನ್ನಿಗೆ, ಹಿಂದೆ ಕೂತವರಿಗೆ ಕಾಣುವ ಹಾಗೆ, ಕೆಂಪು ದಾರದಲ್ಲಿ ಒಂದೊಂದೇ ಅಕ್ಷರ ಕೂರಿಸಿದಳು: 'ಈ ಹಾಡು ನನ್ನದು. ಹಾಡಬಹುದು.' ಇನ್ನೂ ಬರೆಯಬಹುದಿತ್ತು, ಕಣ್ಣು ಸಾಕು ಎಂದಿತು. ಸಹಿಯ ಜಾಗದಲ್ಲಿ ಗಂಡನ ಹಳೆಯ ಕೋಟಿನ ಗುಂಡಿಯೊಂದನ್ನು ಬಿಗಿಯಾಗಿ ಹೊಲಿದಳು. ಖಾಕಿ ಪ್ಯಾಂಟು ಅರ್ಧ ಹೊಲಿದಂತೆಯೇ ಮೊಳೆಗೆ ನೇತಾಡಿತು. ಅದನ್ನು ಕೇಳಲು ಯಾರೂ ಬರಲಿಲ್ಲ.

ಹಾಡು ಕಲಿಸುವುದೇನು ಸುಲಭವಾಗಿರಲಿಲ್ಲ. ಪಲ್ಲವಿ ನಿಮಿಷದಲ್ಲಿ ಬಂತು, ಆಮೇಲೆ ಅವನು ಅಭ್ಯಾಸದಂತೆ ಬಾಯಿ ಮುಚ್ಚಿಕೊಂಡ. "ಬಾಯಿ ಬಿಡಯ್ಯಾ, ಚರಣ ಇಲ್ಲದಿದ್ರೆ ಆಸ್ಪತ್ರೆ ತನಕ ಹೇಗೆ ಹೋಗ್ತೀಯ?" ಎಂದು ಗದರಿದಳು. ಅಂಗಿಯ ಸಾಲು, ದಿಂಬಿನ ಸಾಲು, ಪರದೆಯ ಸಾಲು ಎಲ್ಲ ಬಾಯಿಪಾಠ ಮಾಡಿಸಿದಳು. ಮನೆಯಲ್ಲಿ ಅವನ ಬಾಯಿಂದ ಮೊದಲ ಚರಣ ಕೇಳಿದ ಹೆಂಡತಿ ಬೇಕರಿಯಿಂದ ಹೊಲಿಗೆಯಮ್ಮನಿಗೆ ಬಿಸಿ ಬನ್ನು ಕಳಿಸಿದಳು.

ಮೊದಲ ಸಲ ಅವನು ಬಾಡಿಗೆಯವರನ್ನು ಕೂರಿಸಿಕೊಂಡು ಹಾಡುತ್ತ ಹೊರಟಾಗ ಹೊಲಿಗೆಯಮ್ಮ ಕೆಲಸ ಬಿಟ್ಟು ಬಾಗಿಲಲ್ಲಿ ನಿಂತಿದ್ದಳು. ಗಾಡಿ ತಿರುವಿನಲ್ಲಿ ಮೆಲ್ಲಗೆ, ಬಟ್ಟೆಯ ಅಂಚು ತಿರುಗಿಸಿದ ಹಾಗೆ ತಿರುಗಿತು. ವಾಪಸು ಬಂದವನೇ ಅವನು ಕಿಟಕಿಯಿಂದ ಎರಡೂ ಕೈ ಹೊರಗೆ ಚಾಚಿ ತೋರಿಸಿದ. ನಡುಗುತ್ತಿರಲಿಲ್ಲ.

ಚೀಲದ ಯುವಕನೂ ಒಂದು ದಿನ ಆ ಗಾಡಿ ಹತ್ತಿದ. ಹಾಡು ಕೇಳಿದ, ಸೀಟಿನ ಬೆನ್ನಿನ ಮೇಲಿನ ಅಕ್ಷರ ಓದಿದ, ಗುಂಡಿಯನ್ನು ಮುಟ್ಟಿ ನೋಡಿದ. ಇಳಿದವನು ನೇರ ಅಂಗಡಿಗೆ ಬಂದ.

"ಕಟ್ಟಿದವರು ನೀವೇನಾ ಅಮ್ಮಾ?"

"ಹೌದಪ್ಪಾ. ತಪ್ಪಾಯ್ತಾ?"

"ತಪ್ಪೇನು ಬಂತು! ಕಟ್ಟಿದವರೇ ಒಪ್ಪಿದ ಮೇಲೆ ನಮ್ಮದೇನಿಲ್ಲ." ಹೊರಡುವಾಗ ತಿರುಗಿ ನಕ್ಕ. "ಆದ್ರೆ ಅವತ್ತು ನನ್ನ ಕೇಳಿದ್ರಲ್ಲ, ಗಾಡಿಗೋ, ಓಡಿಸೋರಿಗೋ ಅಂತ. ನೀವು ಅದನ್ನ ಹೊಲಿದೇ ಇಲ್ಲ."

"ಹೌದಲ್ಲಾ!" ಎಂದಳು ಅವಳು. "ಯೋಚನೆ ಮಾಡಿ ಹೇಳ್ತೀನಿ."

ಆ ಯೋಚನೆಗೆ ಅವಸರವೇನೂ ಬೀಳಲಿಲ್ಲ. ವರ್ಷಗಳು ಹೋದವು. ಬೀದಿಯ ಅಂಗಡಿಯವರು ಒಟ್ಟಾಗಿ ಲೈಸೆನ್ಸು ತೆಗೆದುಕೊಂಡರು. ಗಿರಾಕಿ ಬಂದರೂ ರೇಡಿಯೋ ಆರದೆ ಹಾಡತೊಡಗಿತು, ಕ್ಷೌರದಂಗಡಿಯ ಗಿರಾಕಿಗೆ ಮೀಸೆ ಮತ್ತೆ ಬಂತು. ಸ್ಟ್ಯಾಂಡಿನ ಸಂಘವೂ ಮನಸ್ಸು ಬದಲಾಯಿಸಿ ಎಲ್ಲ ಗಾಡಿಗೂ ಲೈಸೆನ್ಸು ತಂದಿತು. ಆದರೂ ಪಲ್ಲವಿ ಗಾಡಿಯಲ್ಲಿ ಬೇರೆ ಹಾಡು ಹಾಕಲಿಲ್ಲ. ಆಸ್ಪತ್ರೆಗೆ ಹೋಗುವ ಬಾಡಿಗೆಯವರು ಆ 'ನಿಧಾನ'ದ ಗಾಡಿಯೇ ಬೇಕೆಂದು ಕಾದು ಹತ್ತುತ್ತಿದ್ದರು.

ಹೋದ ತಿಂಗಳು ಅವನು ಮತ್ತೆ ಕವರನ್ನು ಹೆಗಲ ಮೇಲೆ ಹಾಕಿಕೊಂಡು ಬಂದ. ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಗಾಡಿ ಬಿಡುವ ವಯಸ್ಸು. ಡಾಕ್ಟರೂ ಅದನ್ನೇ ಹೇಳಿದ್ದರು. ಅವನು ಹೆಂಡತಿಯೊಂದಿಗೆ ಅವಳ ಅಕ್ಕನ ಊರಿಗೆ ಹೋಗಿ ಇರುವವನಿದ್ದ. ಗಾಡಿಯನ್ನು ಇನ್ನು ಓಡಿಸುವವಳು ಮಗಳು. ಎದುರಿಗೆ ನಿಂತ ಟ್ಯಾಕ್ಸಿಯಲ್ಲಿ ಅವಳು ಆಗಲೇ ಸ್ಟೇರಿಂಗ್ ಹಿಡಿದು ಕೂತು, ಕನ್ನಡಿ ಸರಿಮಾಡಿಕೊಳ್ಳುತ್ತ ಗುನುಗುತ್ತಿದ್ದಳು. ಚರಣವನ್ನೂ ಸೇರಿಸಿಯೇ.

ಅವನು ಕವರನ್ನು ಮಿಷನ್ನಿನ ಮೇಲೆ ಹರಡಿದ. ಕೆಂಪು ದಾರ ಮಾಸಿತ್ತು, ಗುಂಡಿ ಅಲ್ಲಾಡಿರಲಿಲ್ಲ. ಒಮ್ಮೆ ಮಗಳ ಕಡೆ ನೋಡಿದ, ಒಮ್ಮೆ ಅಕ್ಷರಗಳ ಮೇಲೆ ಕೈಯಾಡಿಸಿದ. ಆಮೇಲೆ, ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು, ಸೂಜಿಗೆ ಹೊಸ ದಾರ ಪೋಣಿಸಿ ಹೊಲಿಗೆಯಮ್ಮನ ಕೈಗೆ ಕೊಡುತ್ತ ಕೇಳಿದ:

"ಅಮ್ಮಾ, ಈ ಅಪ್ಪಣೆ ಗಾಡಿಗಾ, ನನಗಾ?"