ಮೂಡದ ಅಕ್ಷರಗಳ ಪಾರ್ವತಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪಾಂಡವಪುರ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲುಗಳು ಹೊರಟಿವೆ. ತಮ್ಮ ಪುಟ್ಟ ಟೈಪಿಂಗ್ ಅಂಗಡಿಯ ಜಗಲಿಯ ಮೇಲೆ ಪಾರ್ವತಮ್ಮ ಕಂಪ್ಯೂಟರಿನ ಕೀಬೋರ್ಡೊಂದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾರೆ. ಚಮಚದ ಹಿಡಿಯಿಂದ ಒಂದೊಂದೇ ಗುಂಡಿಯನ್ನು ಮೀಟಿ ತೆಗೆದು, ಸೀಗೆಪುಡಿ ಕದಡಿದ ನೀರಿಗೆ ಹಾಕುತ್ತಾರೆ. ಶ್ರೀರಂಗಪಟ್ಟಣದ ಲಗ್ನಪತ್ರಿಕೆ ಅಂಗಡಿಯಿಂದ ಬಂದ ಕೀಬೋರ್ಡು ಅದು. ಯಾರೋ ಅದರ ಮೇಲೆ ಕಬ್ಬಿನ ಹಾಲು ಚೆಲ್ಲಿದ್ದಾರೆ.

"ಬೆಲ್ಲದ ಸೀಮೆಯಲ್ವಾ ಸಾರ್, ಇರುವೆ ಎಲ್ಲಿಗಾದ್ರೂ ಬತ್ತವೆ," ಎನ್ನುತ್ತಾ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂದುಗಳನ್ನು ತಿಕ್ಕುತ್ತಾರೆ.

ಈ ಸೀಮೆಯ ಊರುಗಳಿಗೆ ಕಂಪ್ಯೂಟರು ಬಂದು ಇನ್ನೂ ಬಹಳ ಕಾಲವಾಗಿಲ್ಲ. ಬಂದವೂ ಹೊಸವಲ್ಲ, ದೊಡ್ಡ ಊರಿನವರು ಬಳಸಿ ಬಿಟ್ಟವು. ಅರ್ಜಿ ಟೈಪಿಸುವ, ಪತ್ರಿಕೆ ಹೊಡೆಸುವ ಅಂಗಡಿಗಳ ಹೊಟ್ಟೆಪಾಡು ಅವುಗಳ ಮೇಲೇ ನಿಂತಿದೆ. ಕೀಬೋರ್ಡು ಮುಷ್ಕರ ಹೂಡಿದರೆ ಅಂದಿನ ಕೆಲಸ ನಿಂತಂತೆ. ಆಗ ಕೆ.ಆರ್.ಪೇಟೆಯಿಂದಲೋ ನಾಗಮಂಗಲದಿಂದಲೋ ಬಸ್ ಕಂಡಕ್ಟರುಗಳ ಕೈಲಿ ಪಾರ್ವತಮ್ಮನಿಗೆ ಹೇಳಿಕಳಿಸುತ್ತಾರೆ. ಅವರು ಬಟ್ಟೆಯ ಚೀಲ ಹೆಗಲಿಗೇರಿಸಿ ಬಸ್ಸು ಹತ್ತುತ್ತಾರೆ.

ಹೋದವರೇ ಸ್ಕ್ರೂ ಬಿಚ್ಚಲು ಕೂರುವುದಿಲ್ಲ. ಹಿಂದಿನ ಪ್ಲಗ್ಗನ್ನು ಕಿತ್ತು, ಅದರ ಪಿನ್ನುಗಳು ಬಾಗಿವೆಯೇ ಎಂದು ಬೆಳಕಿಗೆ ಹಿಡಿಯುತ್ತಾರೆ. ಕೀಬೋರ್ಡನ್ನು ಬೋರಲು ಹಾಕಿ, ಕಂಪ್ಯೂಟರಿನ ಬಗೆಗೆ ಹೊಂದಿಸಲು ಅಡಿಯಲ್ಲಿರುವ ಚಿಕ್ಕ ಸ್ವಿಚ್ಚು ಒರೆಸುವಾಗ ಸರಿದಿದೆಯೇ ಎಂದು ನೋಡುತ್ತಾರೆ. ಇವಕ್ಕೂ ಮುಂಚೆ, ಎಲ್ಲಕ್ಕೂ ಮೊದಲು, ಕಂಪ್ಯೂಟರ್ ಪೆಟ್ಟಿಗೆಯ ಮುಂಭಾಗದಲ್ಲಿರುವ ಬೀಗವನ್ನು ಮುಟ್ಟಿ ನೋಡುತ್ತಾರೆ. ಹಳೆಯ ಕಂಪ್ಯೂಟರುಗಳಲ್ಲಿ ಅಂಥದ್ದೊಂದು ಬೀಗವಿರುತ್ತದೆ. ಅದು ಹಾಕಿದ್ದರೆ ಎಷ್ಟು ಒತ್ತಿದರೂ ಒಂದಕ್ಷರ ಮೂಡದು.

ಅದನ್ನು ಕಲಿತದ್ದು ಹೇಗೆ ಎಂದು ಕೇಳಿದಾಗ ಕೈಯ ಬ್ರಷ್ಷು ನಿಲ್ಲುತ್ತದೆ.

ಪಾರ್ವತಮ್ಮ ಚಿನಕುರಳಿಯ ಮಗಳು. ಗಂಡ ಮಂಚಯ್ಯ ಊರೂರು ಸುತ್ತಿ ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದವರು. ಟೈಪಿಂಗ್ ಶಾಲೆಗಳು ಒಂದೊಂದಾಗಿ ಬಾಗಿಲು ಹಾಕತೊಡಗಿದಾಗ ಹಳೆಯ ಕಂಪ್ಯೂಟರೊಂದನ್ನು ತಂದು ಈ ಅಂಗಡಿ ತೆರೆದರು. ಏಳನೇ ಕ್ಲಾಸಿಗೇ ಓದು ಬಿಟ್ಟಿದ್ದ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕನ್ನಡ ಟೈಪಿಂಗ್ ಕಲಿಸಿದರು. ಮಗಳು ಪ್ರಿಯಾಂಕಳಿಗೆ ಆಗ ಏಳು ವರ್ಷ. ಅಪ್ಪ ಎದ್ದರೆ ಸಾಕು, ಅವಳು ಆ ಕುರ್ಚಿ ಏರಿ ಗುಂಡಿಗಳನ್ನು ಕುಟ್ಟುತ್ತಿದ್ದಳು.

ಮೂರು ವರ್ಷದ ಹಿಂದೆ, ಆಷಾಢದ ಒಂದು ಬೆಳಿಗ್ಗೆ, ಮಂಚಯ್ಯ ಟೈಪ್‌ರೈಟರ್ ರಿಪೇರಿಗೆಂದು ನಾಗಮಂಗಲದ ಕಡೆ ಹೊರಟರು. ಬೆಳ್ಳೂರು ಕ್ರಾಸಿನಲ್ಲಿ ರಸ್ತೆ ದಾಟುವಾಗ ಲಾರಿ ಬಡಿಯಿತು. ಮನೆಗೆ ಬಂದದ್ದು ಹೆಣ, ಜೊತೆಗೆ ಆಸ್ಪತ್ರೆಯವರು ಕೊಟ್ಟ ಬಟ್ಟೆಯ ಗಂಟು.

ತಿಥಿ ಕಾರ್ಡನ್ನು ತಾವೇ ಟೈಪ್ ಮಾಡಬೇಕೆಂದು ಪಾರ್ವತಮ್ಮ ಹಟ ಹಿಡಿದರು. ಗಂಡ ಕಲಿಸಿದ ವಿದ್ಯೆ, ಅವರಿಗೇ ಮೀಸಲಾಗಲಿ ಎಂದು. ಆದರೆ ಕಂಪ್ಯೂಟರು ಹಾಕಿದರೆ ಪರದೆಯ ಮೇಲೆ ಒಂದು ಸಾಲು ಇಂಗ್ಲಿಷ್ ಬಂದು ನಿಂತಿತು. ಅದರಲ್ಲಿ ಅವರಿಗೆ ಗುರುತು ಹತ್ತಿದ್ದು ಕೀಬೋರ್ಡ್ ಎಂಬ ಒಂದೇ ಮಾತು. ಕೀಬೋರ್ಡೇ ಕೆಟ್ಟಿದೆ ಎಂದುಕೊಂಡರು. ಸೂತಕದ ಮನೆಯಲ್ಲಿ ನೆಂಟರು ಬಂದುಹೋಗುತ್ತಿರಲು, ಗಂಡ ಟೈಪ್‌ರೈಟರ್ ಬಿಚ್ಚುತ್ತಿದ್ದುದನ್ನು ನೆನೆದು ನೆನೆದು ಅದನ್ನು ಬಿಚ್ಚಿದರು, ಒರೆಸಿದರು, ಜೋಡಿಸಿದರು. ಅಕ್ಷರ ಮೂಡಲಿಲ್ಲ. ಮತ್ತೆ ಬಿಚ್ಚಿದರು. ತಲೆಕೆಟ್ಟಿದೆ ಎಂದು ನೆಂಟರು ಗುಸುಗುಸು ಮಾತಾಡಿಕೊಂಡರು. ಕೊನೆಗೆ ಪಕ್ಕದ ಟೈಲರ್ ತಮ್ಮಯ್ಯ ಬೇರೆ ಕಡೆ ಕಾರ್ಡು ಹೊಡೆಸಿ ತಂದುಕೊಟ್ಟರು.

ಕಾರ್ಯವೆಲ್ಲ ಮುಗಿದ ಮೇಲೆ ಗಂಟು ಬಿಚ್ಚಿದಾಗ ಅಂಗಿಯ ಜೇಬಿನಲ್ಲಿ ದುಂಡನೆಯ ಪುಟ್ಟ ಬೀಗದಕೈ ಸಿಕ್ಕಿತು. ಟ್ರಂಕಿನದೂ ಅಲ್ಲ, ಸೈಕಲ್ಲಿನದೂ ಅಲ್ಲ. ಬಾಗಿಲ ಮರೆಯಲ್ಲಿ ನಿಂತಿದ್ದ ಪ್ರಿಯಾಂಕ ಆಗ ಬಾಯಿಬಿಟ್ಟಳು.

"ಅದು ಕಂಪ್ಯೂಟರ್‌ದು ಕಣವ್ವ. ನಾ ಮುಟ್ತೀನಿ ಅಂತ ಅಪ್ಪ ಬೈದು, ಬೀಗ ಹಾಕ್ಕೊಂಡೋಯ್ತು."

ಮಗುವಿಗೆ ಮೊದಲ ದಿನದಿಂದಲೂ ಗೊತ್ತಿತ್ತು. ತಾಯಿ ಕೀಬೋರ್ಡನ್ನು ಬಿಚ್ಚಿ ಜೋಡಿಸುವುದನ್ನೆಲ್ಲ ನೋಡುತ್ತಲೇ ಇದ್ದಳು. ಹೇಳಿದರೆ ಬೈಸಿಕೊಂಡದ್ದನ್ನೂ ಹೇಳಬೇಕಲ್ಲ. ಅಪ್ಪ ಅವಳೊಡನೆ ಆಡಿದ ಕೊನೆಯ ಮಾತು ಅದು.

"ನಾನೇನೂ ಅನ್ನಲಿಲ್ಲ ಸಾರ್," ಪಾರ್ವತಮ್ಮ ನೆಲ ನೋಡುತ್ತಾ ಹೇಳುತ್ತಾರೆ. "ತಬ್ಕಂಡೆ. ಆದ್ರೆ ಆ ಮಗು ಕಲ್ಲಾಗೋಗಿತ್ತು."

ಬೀಗ ತಿರುವಿದೊಡನೆ ಅಕ್ಷರ ಮೂಡಿತು. ಕೆಡದೇ ಇದ್ದ ಕೀಬೋರ್ಡನ್ನು ಬಿಚ್ಚಿ ಬಿಚ್ಚಿ ಅವರು ಕಲಿತ ವಿದ್ಯೆ ಹೀಗೆ ನಾಲ್ಕು ಊರಿಗೆ ಬೇಕಾಯಿತು.

ಆ ಕೆಲಸವೂ ಈಗ ತೆಳುವಾಗುತ್ತಿದೆ. ಹೊಸ ಕೀಬೋರ್ಡು ಅಗ್ಗಕ್ಕೆ ಸಿಗುವಾಗ ಹಳೆಯದನ್ನು ತೊಳೆಸುವವರು ಯಾರು? ಕೆ.ಆರ್.ಪೇಟೆಯಿಂದ ಹೇಳಿಕಳಿಸುವುದು ಕಡಿಮೆಯಾಗಿದೆ. ಪಾರ್ವತಮ್ಮ ಅದಕ್ಕೆ ಹೆಚ್ಚು ಕೊರಗುವುದಿಲ್ಲ. ಎರಡು ಹಸು ಇವೆ, ಡೈರಿಗೆ ಹಾಲು ಹಾಕುತ್ತಾರೆ, ಹೇಗೋ ನಡೆದೀತು ಎನ್ನುತ್ತಾರೆ.

ಬಿಸಿಲೇರಿದೆ. ಒಣಗಿದ ಗುಂಡಿಗಳು ಒಂದೊಂದಾಗಿ ತಮ್ಮ ಜಾಗಕ್ಕೆ ಕೂರುತ್ತಿವೆ. ಎರಡು ಜಡೆಯ ಪ್ರಿಯಾಂಕ ಸ್ಕೂಲ್ ಚೀಲ ಹೊತ್ತು ಒಳಗಿನಿಂದ ಬರುತ್ತಾಳೆ. ದಾರಿಗೆ ಅಡ್ಡವಾಗಿ ಜೋತಿದ್ದ ಕೀಬೋರ್ಡಿನ ವೈರು ಕಾಲಿಗೂ ತಾಗದಂತೆ ಓರೆಯಾಗಿ ಸರಿದು, ಬತ್ತೀನವ್ವ ಎಂದು ಹೊರಟುಹೋಗುತ್ತಾಳೆ. ಈ ಮೂರು ವರ್ಷದಲ್ಲಿ ಅವಳು ಒಂದು ಗುಂಡಿಯನ್ನೂ ಮುಟ್ಟಿಲ್ಲವಂತೆ.

ಮುಂದೆ ಏನಾಗಬೇಕೆಂದು ಆಸೆ ಎಂದು ಕೇಳಿದರೆ, ಮಗಳು ತಿರುವಿನಲ್ಲಿ ಮರೆಯಾಗುವ ತನಕ ನೋಡಿ ಪಾರ್ವತಮ್ಮ ಹೇಳುತ್ತಾರೆ.

"ನಮ್ಮಂಗಡಿ ಕಂಪ್ಯೂಟರ್‌ಗೆ ನಾನು ಬೀಗ ಹಾಕಾಕಿಲ್ಲ ಸಾರ್. ಧೂಳು ಕೂತ್ಕಳ್ದಂಗೆ ದಿನಾ ಒರೆಸ್ಮಡಗ್ತೀನಿ. ಯಾವತ್ತಾರಾ ಒಂದಿನ ಅವ್ಳೇ ಬಂದು ಕೂತ್ಕಂಡ್ಲು ಅನ್ನಿ, ಒತ್ತಿದ್ದು ಮೂಡ್ಬೇಕಲ್ಲ."