ಪಕ್ಕದ ಕುರ್ಚಿಯ ಕಾರ್ನೆಟ್

ಕ್ಲಿಫರ್ಡ್ ಇಬ್ಬಟ್ಸನ್ ಬದುಕಿದ್ದರೆ ಇದನ್ನು ಬರೆಯಲು ಬಿಡುತ್ತಿರಲಿಲ್ಲ. ಅವನು ಹೋಗಿ ಈಗ ಎರಡು ವರ್ಷ. ಬ್ಯಾಂಡಿನವರು ಬೈಯುವುದಾದರೆ ಬೈಯಲಿ, ನಾನು ಕೇಳಿಸಿಕೊಳ್ಳುತ್ತೇನೆ.

ನಮ್ಮ ಹೆಲ್ಮ್‌ಕ್ಲಫ್ ಬ್ಯಾಂಡಿನಲ್ಲಿ ಅವನು ನಲವತ್ತೊಂದು ವರ್ಷ ಎರಡನೆಯ ಕುರ್ಚಿಯಲ್ಲಿ ಕೂತು ಕಾರ್ನೆಟ್ ಎಂಬ ತುತ್ತೂರಿ ಊದಿದ. ಮೊದಲನೆಯ ಕುರ್ಚಿಗೆ ಏಳು ಜನ ಬಂದು ಹೋದರು. ಅವರಲ್ಲಿ ಒಬ್ಬನ ಫೋಟೋ ಕ್ಲಬ್ಬಿನ ಗೋಡೆಯ ಮೇಲಿದೆ, ಇನ್ನೊಬ್ಬನ ಹೆಸರಿನಲ್ಲಿ ಬೆಂಚಿದೆ. ಕ್ಲಿಫ್‌ನದು ಯಾವುದೂ ಇಲ್ಲ. ಗುಂಪಿನ ಫೋಟೋಗಳಲ್ಲೂ ಮುಂದಿನವರ ಭುಜ ಅಡ್ಡ ಬಂದು ಅರ್ಧ ಮುಖವಷ್ಟೇ ಕಾಣುತ್ತದೆ.

ಎರಡನೆಯ ಕುರ್ಚಿಯ ಕೆಲಸ ಏನೆಂದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಕಾರ್ನೆಟ್ಟಿನ ದೊಡ್ಡ ಪಾಳಿಯೆಲ್ಲ ಮೊದಲನೆಯವನದು. ಊದಿ ಊದಿ ಅವನ ತುಟಿ ಸೋಲುತ್ತದೆ. ಆಗ ಪಕ್ಕದಲ್ಲಿರುವವನು ಸದ್ದಿಲ್ಲದೆ ಆ ಸಾಲನ್ನು ಎತ್ತಿಕೊಂಡು ನಾಲ್ಕು ಹೆಜ್ಜೆ ನಡೆದು, ಮತ್ತೆ ಸದ್ದಿಲ್ಲದೆ ವಾಪಸು ಕೊಡಬೇಕು. ಕೇಳುವವರಿಗೆ ಉದ್ದಕ್ಕೂ ಒಬ್ಬನೇ ಊದಿದಂತಿರಬೇಕು. ಅವನನ್ನು ನಾವು ಬಂಪರ್ ಎನ್ನುತ್ತೇವೆ. ಬಂಪರ್ ಆದವನು ಆಮೇಲೆ ಅದರ ಮಾತೆತ್ತುವ ಹಾಗಿಲ್ಲ. ನಾನು ಊದಿದ್ದು ಎಂದು ಯಾರ ಮುಂದಾದರೂ ಬಾಯಿಬಿಟ್ಟರೆ ಅವತ್ತಿಗೆ ಅವನ ಮರ್ಯಾದೆ ಹೋಯಿತು ಅಂತಲೇ ಲೆಕ್ಕ.

ನಾನು ಲೊರೇನ್, ಟೆನರ್ ಹಾರ್ನ್ ಊದುವವಳು. ನಮ್ಮ ಸಾಲಿನಿಂದ ನೋಡಿದರೆ ಕಾರ್ನೆಟ್ಟಿನವರ ಕೆನ್ನೆಗಳು ನೇರ ಕಾಣುತ್ತವೆ. ಹಾಗಾಗಿ ಯಾರ ಉಸಿರು ಎಲ್ಲಿಂದ ಎಲ್ಲಿಯವರೆಗೆ ಎಂಬುದು ನನಗೆ ಗೊತ್ತಾಗುತ್ತಿತ್ತು. ನನ್ನನ್ನು ಬಿಟ್ಟರೆ ಅದು ಗೊತ್ತಾಗುತ್ತಿದ್ದುದು ಅವನ ಹೆಂಡತಿ ಬೆರಿಲ್‌ಗೆ ಮಾತ್ರ. ಅವಳು ಸಭೆಯ ಹಿಂದಿನ ಸಾಲಿನಲ್ಲಿ ಕೂತು, ಕಣ್ಣುಮುಚ್ಚಿ, ಬರೀ ಕಿವಿಯಲ್ಲೇ ಹಿಡಿಯುತ್ತಿದ್ದಳು. ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಪಾತ್ರೆಗಳ ಗದ್ದಲದ ನಡುವೆ ಕೆಲಸ ಮಾಡಿದವಳಿಗೆ ಅಂಥ ಕಿವಿ ಎಲ್ಲಿಂದ ಬಂತೋ ಗೊತ್ತಿಲ್ಲ. ಮನೆಗೆ ಹೋಗುವ ದಾರಿಯಲ್ಲಿ, ಮೂರನೇ ಸಾಲು ನಿಂದು, ಕೊನೆಗಿಂತ ಹಿಂದಿನ ಎರಡು ಉಸಿರೂ ನಿಂದು ಎಂದು ಒಂದೊಂದಾಗಿ ಹೇಳುತ್ತಿದ್ದಳಂತೆ. ಅವನಿಗೆ ಅಷ್ಟು ಸಾಕಾಗಿತ್ತು.

ಆ ನಲವತ್ತೊಂದನೆಯ ವರ್ಷದ ಸೆಪ್ಟೆಂಬರಿನಲ್ಲಿ ಮೊದಲನೆಯ ಕುರ್ಚಿಯ ಹುಡುಗಿ ಹೆರಿಗೆಗೆಂದು ರಜೆ ಹಾಕಿದಳು. ಬ್ಯಾಂಡ್ ನಡೆಸುವ ಗೆರಾಲ್ಡ್ ಆ ಸಲದ ಕ್ರಿಸ್‌ಮಸ್ ಕಛೇರಿಯಲ್ಲಿ ಒಬ್ಬನೇ ಊದುವ ಪಾಳಿಯನ್ನು ಕ್ಲಿಫ್‌ಗೆ ಕೊಟ್ಟ. ನಮ್ಮ ಕಣಿವೆಯದೇ ಒಂದು ಹಳೆಯ ಕ್ಯಾರಲ್, ಅಂದರೆ ಕ್ರಿಸ್‌ಮಸ್ ಹಾಡು, ಇದೆ. ಮೂರನೆಯ ನುಡಿಯ ಕೊನೆಗೆ ಕಾರ್ನೆಟ್ ಒಂದೇ ಏರಿ ಏರಿ ತುದಿಯ ಸ್ವರದಲ್ಲಿ ನಿಲ್ಲಬೇಕು. ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ತನ್ನದೇ ಹೆಸರಿನಲ್ಲಿ, ಮೊದಲ ಸಲ.

ಬೆರಿಲ್ ಆಗಲೇ ಆಸ್ಪತ್ರೆ ಸೇರಿದ್ದಳು. ಸುದ್ದಿ ಕೇಳಿ, "ಗೆರಾಲ್ಡ್‌ಗೆ ಈಗ ಕಣ್ಣು ಬಿಡ್ತಾ? ನಾನಿರ್ತೀನೋ ಇಲ್ವೋ, ನೀನು ಊದು. ಈ ಸಲ ಊರೆಲ್ಲ ಕೇಳ್ಲಿ," ಎಂದಳು. ಆ ದಿನ ನಾನೂ ದ್ರಾಕ್ಷಿ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಕ್ಲಿಫ್ ಅವಳ ಕೈಮೇಲೆ ಕೈಯಿಟ್ಟು ಆಯಿತು ಎಂದ. ಅಕ್ಟೋಬರಿನಲ್ಲಿ ಅವಳು ತೀರಿಕೊಂಡಳು.

ಮಣ್ಣಿಗೆ ಬ್ಯಾಂಡ್ ಊದಿತು. ಕ್ಲಿಫ್ ತನ್ನ ಎರಡನೆಯ ಕುರ್ಚಿಯಲ್ಲೇ ಕೂತು ಒಂದು ಸ್ವರವನ್ನೂ ತಪ್ಪದೆ ಊದಿದ, ಒಂದು ಹನಿ ಕಣ್ಣೀರೂ ಹಾಕಲಿಲ್ಲ. ಊರವರು ಗಟ್ಟಿ ಮನುಷ್ಯ ಎಂದರು. ನನಗೆ ಹೆದರಿಕೆಯಾಯಿತು. ಮುಂದಿನ ವಾರಗಳಲ್ಲಿ ಅವನು ದಿನಾ ಸಂಜೆ ಆ ಕ್ಯಾರಲ್ ಅಭ್ಯಾಸ ಮಾಡುವುದು ಬೀದಿಗೆಲ್ಲ ಕೇಳುತ್ತಿತ್ತು. ಒಮ್ಮೆಯೂ ಸ್ವರ ಅಲುಗುತ್ತಿರಲಿಲ್ಲ. ಅವನು ಉಸಿರು ಹಿಡಿದುಕೊಂಡು ಡಿಸೆಂಬರಿಗಾಗಿ ಕಾಯುತ್ತಿದ್ದ ಎಂದೇ ನನಗನಿಸಿತ್ತು.

ನವೆಂಬರಿನಲ್ಲಿ ಅರಮನೆಯಿಂದ ಕಾಗದ ಬಂತು. ಪ್ರಿನ್ಸ್ ಆಂಬ್ರೋಸ್ ಶಾಲೆಯಲ್ಲಿ ಕಾರ್ನೆಟ್ ಕಲಿತಿದ್ದನಂತೆ. ಆಗಸ್ಟಿನಲ್ಲಿ ಅವನ ತಂಗಿ ಕುದುರೆಯಿಂದ ಬಿದ್ದು ಸತ್ತಿದ್ದಳು. ದೇಶವೇ ಬಾವುಟ ಇಳಿಸಿತ್ತಲ್ಲ, ಅದೇ ಹುಡುಗಿ. ಅವಳಿಗೆ ನಮ್ಮ ಕಣಿವೆಯ ಕ್ಯಾರಲ್ ಇಷ್ಟವಾಗಿತ್ತಂತೆ. ಆ ಸಲದ ಕಛೇರಿ ಪಟ್ಟಣದ ದೊಡ್ಡ ಚರ್ಚಿನಲ್ಲಿ, ಟಿವಿಯವರ ಮುಂದೆ ನಡೆಯಲಿ, ನಮ್ಮ ಬ್ಯಾಂಡಿನ ನಡುವೆಯೇ ಕೂತು ಆ ಪಾಳಿಯನ್ನು ತಾನು ಊದಬೇಕು ಎಂದು ಅವನ ಆಸೆ.

ಗೆರಾಲ್ಡ್ ಟೋಪಿ ಕೈಯಲ್ಲಿ ಹಿಡಿದುಕೊಂಡು ಕ್ಲಿಫ್‌ನ ಮನೆಗೆ ಹೋದ. ಧೈರ್ಯ ಸಾಲದೆ ನನ್ನನ್ನೂ ಎಳೆದುಕೊಂಡು ಹೋದ. ಕ್ಲಿಫ್ ಪೂರ್ತಿ ಕೇಳಿಸಿಕೊಂಡು, ಚಹಾ ಬಸಿದು, ಗೆರಾಲ್ಡ್‌ನ ಕಪ್ಪಿಗೆ ಸಕ್ಕರೆ ಹಾಕಿ ಕಲಕಿದ. "ಪಾಪ, ತಂಗಿ ಅಲ್ವಾ. ಊದ್ಲಿ ಬಿಡು," ಎಂದ. ನನಗೆ ಮೈ ಉರಿದುಹೋಯಿತು. ಬೆರಿಲ್‌ಗೆ ಕೊಟ್ಟ ಮಾತು ಏನಾಯಿತು ಎಂದು ಕೇಳಿಯೇಬಿಟ್ಟೆ. ಕಲಕಿದ ಕಪ್ಪನ್ನು ಅವನು ಮತ್ತೊಮ್ಮೆ ಕಲಕಿದ.

ರಾಜಕುಮಾರನನ್ನು ದ್ವೇಷಿಸಬೇಕೆಂದು ನಾನು ಸಿದ್ಧಳಾಗಿಯೇ ಅಭ್ಯಾಸಕ್ಕೆ ಹೋಗಿದ್ದೆ. ಆಗಲಿಲ್ಲ. ಮೂವತ್ತು ವರ್ಷದ ಸಣಕಲು ಮನುಷ್ಯ, ಬೆರಳಿನ ಉಗುರೆಲ್ಲ ಕಚ್ಚಿಕೊಂಡಿದ್ದ. ಊದುವುದು ಶಾಲೆಯ ಹುಡುಗರ ಮಟ್ಟಕ್ಕೆ ಇತ್ತು. ಮೊದಲೆರಡು ನುಡಿ ಪರವಾಗಿಲ್ಲ, ಮೂರನೆಯದರಲ್ಲಿ ಗಾಳಿ ಮುಗಿಯುತ್ತಿತ್ತು. ಕ್ಲಿಫ್ ಅವನಿಗೆ ಎಲ್ಲಿ ಉಸಿರು ಕದಿಯಬೇಕೆಂದು ತೋರಿಸಿಕೊಟ್ಟ. ಕೊನೆಗೆ ಹೇಳಿದ: "ಆಗ್ಲಿಲ್ಲ ಅಂದ್ರೆ ಕಾರ್ನೆಟ್ ಕೆಳಗಿಳಿಸ್ಬೇಡಿ ಸಾರ್. ತುಟಿಗೆ ಹಿಡ್ಕೊಂಡೇ ಇರಿ, ಬೆರಳಾಡಿಸ್ತಾ ಇರಿ. ನಾನು ಪಕ್ಕದಲ್ಲೇ ಇರ್ತೀನಿ."

ಕ್ರಿಸ್‌ಮಸ್‌ಗೆ ಐದು ದಿನ ಮುಂಚೆ, ಸಂಜೆ ನಾಲ್ಕಕ್ಕೆ ಕಛೇರಿ. ಚರ್ಚಿನ ತುಂಬ ಮೇಣದಬತ್ತಿ. ರಾಜಕುಮಾರ ಮೊದಲನೆಯ ಕುರ್ಚಿಯಲ್ಲಿ, ಕ್ಲಿಫ್ ಎರಡನೆಯದರಲ್ಲಿ. ಕ್ಯಾಮೆರಾಗಳೆಲ್ಲ ಒಂದೇ ಮುಖದ ಮೇಲಿದ್ದವು. ಮೊದಲ ನುಡಿ ಚೆನ್ನಾಗಿಯೇ ಬಂತು, ಎರಡನೆಯದೂ ಬಂತು. ಮೂರನೆಯದು ಶುರುವಾಗುವ ಹೊತ್ತಿಗೆ ಅವನ ಕಣ್ಣು ತುಂಬಿಬಂದದ್ದು ಕಂಡಿತು. ಕೆನ್ನೆ ಇಳಿಯಿತು. ಕಾರ್ನೆಟ್ ತುಟಿಗಿದೆ, ಬೆರಳು ಆಡುತ್ತಿವೆ, ಆದರೆ ಉಸಿರಿಲ್ಲ. ಸ್ವರ ಮಾತ್ರ ಕೂದಲೆಳೆಯಷ್ಟೂ ತಡೆಯದೆ ಮುಂದೆ ಹೋಯಿತು. ಕ್ಲಿಫ್ ಎತ್ತಿಕೊಂಡಿದ್ದ.

ಅವನು ಅಷ್ಟು ಚೆನ್ನಾಗಿ ಊದಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಏರಿಕೊಂಡು ಹೋದ. ನನ್ನ ಪಾಳಿ ಊದುವುದನ್ನು ಮರೆತು ನೋಡಿದೆ. ತುದಿಯ ಸ್ವರಕ್ಕೆ ಬಂದಾಗ ಅದು ನಿಲ್ಲಲಿಲ್ಲ. ಒಡೆಯಿತು. ನಲವತ್ತೊಂದು ವರ್ಷದಲ್ಲಿ ಒಮ್ಮೆಯೂ ಒಡೆಯದ ಸ್ವರ ನಡುವೆ ಸೀಳಿ, ಒಂದು ಕ್ಷಣ ಮನುಷ್ಯರ ಅಳುವಿನ ಹಾಗೆಯೇ ಕೇಳಿಸಿ, ಮತ್ತೆ ಕೂಡಿಕೊಂಡು, ಸಣ್ಣಗಾಗಿ ಮುಗಿಯಿತು. ಕ್ಲಿಫ್‌ನ ಗಲ್ಲದಿಂದ ನೀರು ಅಂಗಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಕ್ಯಾಮೆರಾ ರಾಜಕುಮಾರನ ಕಣ್ಣೀರು ತೋರಿಸುತ್ತಿತ್ತು.

ಮುಗಿದ ಮೇಲೆ ಪಾದ್ರಿಯ ಕೋಣೆಯ ಹತ್ತಿರ ರಾಜಕುಮಾರ ಓಡಿಬಂದ. ಮುಖ ಬಿಳಿಚಿಕೊಂಡಿತ್ತು. ಅದು ನೀವು ಊದಿದ್ದು, ನಾನು ಈಗಲೇ ಹೋಗಿ ಟಿವಿಯವರಿಗೆ ಹೇಳುತ್ತೇನೆ ಎಂದ. ಕ್ಲಿಫ್ ಅಡ್ಡಡ್ಡ ತಲೆಯಾಡಿಸಿದ.

"ಬೇಡಿ ಸಾರ್. ನಮ್ಮಲ್ಲಿ ಹಾಗೆ ಹೇಳೋ ಪದ್ಧತಿ ಇಲ್ಲ."

"ಆದ್ರೆ ಆ ಕೊನೇ ಸ್ವರ..."

"ಅದೂ ನಿಮ್ದೇ ಅಂದ್ಕೊಳ್ಳಿ."

ಆ ಹುಡುಗ ಅವನ ಎರಡೂ ಕೈ ಹಿಡಿದುಕೊಂಡು, ಕೊನೆಗೆ ಹೇಳುವುದಿಲ್ಲ ಎಂದು ಮಾತು ಕೊಟ್ಟ. ನಾನು ಕೋಟು ಹುಡುಕುವ ನೆಪದಲ್ಲಿ ಅಲ್ಲೇ ಸುಳಿದಾಡುತ್ತಿದ್ದೆ. ಹೊರಗೆ ಬಂದಾಗ ಕ್ಲಿಫ್ ಯಾರಿಗೂ ಹೇಳಬಾರದೆಂದು ನನ್ನಿಂದಲೂ ಆಣೆ ಹಾಕಿಸಿಕೊಂಡ.

ಮಾರನೆಯ ದಿನದಿಂದ ಶುರುವಾಯಿತು. ರೇಡಿಯೋ ಹಾಕಿದರೆ ಆ ಒಡೆದ ಸ್ವರ, ಫೋನ್ ತೆರೆದರೆ ಆ ಒಡೆದ ಸ್ವರ. ಪತ್ರಿಕೆಗಳು ಇಡೀ ಪುಟ ಬರೆದವು. ಒಬ್ಬ ಸಂಗೀತದ ಮೇಷ್ಟ್ರು, ಕಲಿತವರು ಹೀಗೆ ಊದಲಾರರು, ಹವ್ಯಾಸಿಯ ಮುಗ್ಧತೆಗಷ್ಟೇ ಇದು ಸಾಧ್ಯ ಎಂದು ವಿವರಿಸಿದ. ಅವನನ್ನು ಹಿಡಿದು ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಗಂಡ ಸತ್ತವರು, ಮಗು ಕಳೆದುಕೊಂಡವರು, ಆ ಸ್ವರ ಕೇಳಿ ವರ್ಷಗಳ ಮೇಲೆ ಅತ್ತೆವು ಎಂದು ರಾಜಕುಮಾರನಿಗೆ ಸಾವಿರಗಟ್ಟಲೆ ಬರೆದರು. ಆಡಿಕೊಂಡವರೂ ಬೇಕಾದಷ್ಟು ಇದ್ದರು. ನಮ್ಮ ತೆರಿಗೆಯಲ್ಲಿ ಕಲಿತ ಕಾರ್ನೆಟ್, ಮೇಲಿನ ಸ್ವರಕ್ಕೆ ದಮ್ಮಿಲ್ಲ ಎಂದರು. ಬಾಲ ತುಳಿದ ಬೆಕ್ಕು ಇದಕ್ಕಿಂತ ಚೆನ್ನಾಗಿ ಕಿರುಚುತ್ತದೆ ಎಂದು ಒಬ್ಬ ಬರೆದಿದ್ದ. ಅದಕ್ಕೆ ನಲವತ್ತು ಸಾವಿರ ಜನ ನಕ್ಕಿದ್ದರು. ಅರಮನೆಯವರು ಚಕಾರ ಎತ್ತಲಿಲ್ಲ. ಹುಡುಗ ಕೊಟ್ಟ ಮಾತಿಗೆ ನಿಂತಿದ್ದ.

ಕ್ಲಿಫ್ ಇದನ್ನೆಲ್ಲ ಓದುತ್ತಿದ್ದ. ಫೋನ್ ನೋಡಲು ಬಾರದವನು ನನ್ನ ಹತ್ತಿರ ಬಂದು ಕೇಳಿ ಕಲಿತುಕೊಂಡ. ಹೊಗಳಿದ್ದನ್ನೂ ಓದುತ್ತಿದ್ದ, ಬೆಕ್ಕಿನ ಮಾತನ್ನೂ ಓದುತ್ತಿದ್ದ. ಯಾಕೆ ಸುಮ್ಮನೆ ಹೊಟ್ಟೆ ಉರಿಸಿಕೊಳ್ಳುತ್ತೀಯ ಎಂದು ಕೇಳಿದರೆ ಮುಂದಿನದನ್ನು ತೆರೆದು ಓದುತ್ತಿದ್ದ. ಮೂರು ದಿನದಲ್ಲಿ ಅವನ ಕೊರಳಪಟ್ಟಿ ಸಡಿಲವಾದಂತೆ ಕಾಣುತ್ತಿತ್ತು.

ಕ್ರಿಸ್‌ಮಸ್ ಮುನ್ನಾದಿನ ಬೆಳಿಗ್ಗೆ ನಮ್ಮೂರಿನವರೆಲ್ಲ ಕಟುಕ ಗಾರ್ಸೈಡ್‌ನ ಅಂಗಡಿಯ ಮುಂದೆ ಇರುತ್ತಾರೆ. ಹಬ್ಬದ ಬೆಳಗಿನ ತಿಂಡಿಗೆ, ಹಿಟ್ಟಿನೊಳಗೆ ಹಂದಿಮಾಂಸ ತುಂಬಿ ಬೇಯಿಸಿದ ಪೈ ಆಗಲೇಬೇಕು. ಸಾಲು ಅಂಚೆ ಕಚೇರಿಯವರೆಗೆ ಬಂದಿತ್ತು. ನಾನೂ ಕ್ಲಿಫ್ಫೂ ಹಿಂದುಮುಂದೆ ನಿಂತಿದ್ದೆವು. ಸಾಲಿನ ತುಂಬ ರಾಜಕುಮಾರನದೇ ಮಾತು. ನಮ್ಮ ಬ್ಯಾಂಡಿನ ನಡುವೆ ಕೂತು ಅತ್ತ ಎಂಬ ಹೆಮ್ಮೆಯಿಂದ ಊರೇ ಎರಡಂಗುಲ ಎತ್ತರವಾಗಿತ್ತು. ಗಾರ್ಸೈಡ್ ತಕ್ಕಡಿಯ ಪಕ್ಕ ಒಂದು ದೊಡ್ಡ ಕಾರ್ಡು ಇಟ್ಟಿದ್ದ. ನಿಮ್ಮ ದುಃಖದಲ್ಲಿ ನಾವಿದ್ದೇವೆ ಎಂದು ಮೇಲೆ ಬರೆದು, ಪೈ ಕೊಂಡವರೆಲ್ಲರ ಸಹಿ ಹಾಕಿಸುತ್ತಿದ್ದ. ಹಬ್ಬ ಮುಗಿದ ಕೂಡಲೇ ಅರಮನೆಗೆ ಕಳಿಸುವವನಿದ್ದ.

ನಮ್ಮ ಮುಂದೆ ಶೀಲಾ ಕ್ರಾಬ್‌ಟ್ರೀ ನಿಂತಿದ್ದಳು. ಬೆರಿಲ್‌ಳ ಪಕ್ಕದ ಮನೆಯವಳು, ಕೆಟ್ಟವಳಲ್ಲ. ಅವಳು ತಿರುಗಿ, "ನೀನು ಪಕ್ಕದಲ್ಲೇ ಕೂತಿದ್ಯಲ್ಲ ಕ್ಲಿಫ್. ಆ ಸ್ವರ ಒಡೀವಾಗ ನಿನಗೆ ಹೇಗನ್ನಿಸ್ತು?" ಎಂದು ಕೇಳಿದಳು.

"ಹತ್ರದಲ್ಲೇ ಕೇಳಿಸ್ತು," ಎಂದ ಕ್ಲಿಫ್.

"ನಂಗಂತೂ ಕರುಳು ಕಿವುಚಿದ ಹಾಗಾಯ್ತಪ್ಪ. ಎಷ್ಟು ಪ್ರೀತಿ ಇಟ್ಕೊಂಡಿದ್ರೆ ಹಾಗೆ ಬರುತ್ತೆ ಹೇಳು. ಎಲ್ರೂ ನಿನ್ನ ಹಾಗೆ ಗಟ್ಟಿ ಇರೋಕಾಗುತ್ತಾ. ಬೆರಿಲ್ ಹೋದಾಗ ಒಂದು ತೊಟ್ಟು ನೀರು ಹಾಕ್ಲಿಲ್ಲ ನೀನು."

ನಾನು ಬಾಯಿ ತೆರೆದೆ. ಕ್ಲಿಫ್ ನನ್ನ ಕೋಟಿನ ತೋಳು ಹಿಡಿದು ಜಗ್ಗಿದ. ನಲವತ್ತೊಂದು ವರ್ಷದ ಪದ್ಧತಿಗೆ ನಾನು ಅವತ್ತು ಹಾಕಿದ ಶಾಪಗಳನ್ನು ಇಲ್ಲಿ ಬರೆಯಲಾರೆ.

ಅವನ ಸರದಿ ಬಂತು. ಸಣ್ಣ ಪೈ ಒಂದು ಕೊಂಡ. ಗಾರ್ಸೈಡ್ ಕಾರ್ಡು ಮುಂದೆ ತಳ್ಳಿ ಪೆನ್ನು ಕೊಟ್ಟ. ಕ್ಲಿಫ್ ಕನ್ನಡಕ ಸರಿಮಾಡಿಕೊಂಡು ಖಾಲಿ ಜಾಗ ಹುಡುಕಿ ಬರೆದ. ಅವನ ಬರಹ ಯಾವಾಗಲೂ ದುಂಡಗೆ. ಬರೆದು ಮುಗಿಸಿದ ಮೇಲೆ ಪೆನ್ನು ಎತ್ತದೆ ಹಾಗೇ ನಿಂತ. ನಾನು ಬಗ್ಗಿ ನೋಡಿದೆ. ಮದುವೆಯಾದ ಮೇಲೆ ಪ್ರತಿ ಕಾರ್ಡಿಗೂ ಹಾಕಿದ ಹಾಗೆ, ಕೈ ತನ್ನಷ್ಟಕ್ಕೆ ತಾನೇ ಬರೆದುಬಿಟ್ಟಿತ್ತು: ಕ್ಲಿಫ್ ಮತ್ತು ಬೆರಿಲ್.

ಶೀಲಾಳ ಮುಖ ಕೆಂಪಾಯಿತು. ಗಾರ್ಸೈಡ್ ಕೆಮ್ಮಿ, ಮೇಲೊಂದು ಬಿಳಿ ಚೀಟಿ ಅಂಟಿಸಿದರೆ ಗೊತ್ತಾಗುವುದಿಲ್ಲ ಎಂದ. ಕ್ಲಿಫ್ ಬೇಡ ಎಂದು ಪೆನ್ನನ್ನು ಮುಚ್ಚಿ, ಪೈ ತೆಗೆದುಕೊಂಡು ಹೊರಗೆ ನಡೆದ.

ನಾನು ನನ್ನ ಸರದಿ ಬಿಟ್ಟು ಅವನ ಹಿಂದೆ ಓಡಿದೆ. ಅವನು ಅಂಚೆ ಕಚೇರಿಯ ಗೋಡೆಗೆ ಒರಗಿ ನಿಂತಿದ್ದ. ಅಳುತ್ತಿರಬಹುದೆಂದುಕೊಂಡೆ. ಕಣ್ಣು ಒಣಗಿದ್ದವು. ಪೈ ಕಟ್ಟಿದ ಕಾಗದದ ಮೇಲೆ ಬೆರಳುಗಳು ಕಾರ್ನೆಟ್ಟಿನ ಗುಂಡಿಗಳನ್ನು ಒತ್ತುವ ಹಾಗೆ ಸುಮ್ಮನೆ ಒತ್ತುತ್ತಿದ್ದವು.

"ಅವಳು ಸತ್ತಾಗಿಂದ ಅದೊಂದೇ ಸಲ ಲೊರೇನ್, ನಂಗೆ ಅಳು ಬಂದಿದ್ದು. ಅದನ್ನೂ ತೆಗೆದು ಅವನಿಗೆ ಕೊಟ್ಟುಬಿಟ್ಟೆ," ಎಂದ. ಸ್ವಲ್ಪ ಹೊತ್ತು ಸಾಲಿನಲ್ಲಿದ್ದವರ ಕಡೆ ನೋಡಿದ. "ದಿನಾ ಫೋನ್ ಹಾಕ್ಕೊಂಡು ಕೇಳ್ತೀನಿ. ಎಲ್ರೂ ಅಳ್ತಾರೆ. ನಂಗೆ ಮತ್ತೆ ಬರ್ತಾನೇ ಇಲ್ಲ."

ಅವನ ಕೈಯಿಂದ ಪೈ ತೆಗೆದುಕೊಂಡು, ತೋಳು ಹಿಡಿದು, ಮನೆಯವರೆಗೆ ನಡೆಸಿಕೊಂಡು ಹೋದೆ.